ಚಾರ್ಲಿ ಇಲ್ಲದ ಸ್ಟೋನ್ಸ್: ‘ಹ್ಯಾಕ್ನಿ ಡೈಮಂಡ್ಸ್’ ಕೇಳಿದವರು ಬನ್ನಿ, ಮಾತಾಡೋಣ

ಹಳೇರೆಕಾರ್ಡು

ಎಲ್ಲರಿಗೂ ನಮಸ್ಕಾರ. ಈ ಆಲ್ಬಂ ಬಂದ ಹೊಸದರಲ್ಲೇ ಬರೆಯಬೇಕು ಅಂದುಕೊಂಡಿದ್ದೆ. ಆಮೇಲೆ ಬೇಡ ಅನ್ನಿಸಿತು. ಮೊದಲ ವಾರದ ಖುಷಿಯಲ್ಲಿ ಬರೆದದ್ದು ಎರಡನೇ ತಿಂಗಳಿಗೆ ನಿಲ್ಲುವುದಿಲ್ಲ. ಈಗ ಸಾಕಷ್ಟು ಸಲ ಕೇಳಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಬ್ರಿಟಿಷ್ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ 2023ರ ಅಕ್ಟೋಬರ್ 20ರಂದು ‘ಹ್ಯಾಕ್ನಿ ಡೈಮಂಡ್ಸ್’ ಬಿಟ್ಟಾಗ, ಅವರದೇ ಹೊಸ ಹಾಡುಗಳ ಆಲ್ಬಂ ಬಂದು 18 ವರ್ಷ ಆಗಿತ್ತು. ಹಿಂದಿನದು 2005ರ ‘ಎ ಬಿಗ್ಗರ್ ಬ್ಯಾಂಗ್’. ನಡುವೆ 2016ರಲ್ಲಿ ‘ಬ್ಲೂ ಆಂಡ್ ಲೋನ್ಸಮ್’ ಬಂತು. ಅದು ನನಗೆ ತುಂಬಾ ಇಷ್ಟ, ಆದರೆ ಅದರಲ್ಲಿ ಇದ್ದದ್ದೆಲ್ಲ ಬೇರೆಯವರ ಹಳೆಯ ಬ್ಲೂಸ್ ಹಾಡುಗಳು. ‘ಹ್ಯಾಕ್ನಿ’ ಬಂದ ದಿನ ಗಾಯಕ ಮಿಕ್ ಜಾಗರ್‌ಗೆ 80, ಗಿಟಾರ್‌ನವರಾದ ಕೀತ್ ರಿಚರ್ಡ್ಸ್‌ಗೆ 79, ರಾನಿ ವುಡ್‌ಗೆ 76 ವರ್ಷ.

ಈ ವಯಸ್ಸಿನಲ್ಲಿ ಹೊಸ ಆಲ್ಬಂ ಯಾಕೆ, ಹಳೇ ಹಾಡು ನುಡಿಸಿಕೊಂಡು ಇದ್ದರೆ ಸಾಲದಾ ಅಂತ ಬಹಳ ಜನ ಕೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಸ್ಟೇಡಿಯಂನಲ್ಲಿ ಜನ ಕೇಳುವುದು 1965ರ ಹಾಡು, 1971ರ ಹಾಡು. ಅಲ್ಲಿ ಮಿಕ್ ತನ್ನ 28ನೇ ವಯಸ್ಸಿನ ಹಾಡನ್ನು ಹಾಡಲೇಬೇಕು. 80ರ ಮಿಕ್ ಹೇಗೆ ಹಾಡುತ್ತಾನೆ, ಗಂಟುಕಟ್ಟಿದ ಬೆರಳಲ್ಲಿ ಕೀತ್ ಹೇಗೆ ನುಡಿಸುತ್ತಾನೆ ಅಂತ ಕೇಳಬೇಕಾದರೆ ಹೊಸ ಹಾಡೇ ಬೇಕು. ಹಳೆಯ ಹಾಡಿನಲ್ಲಿ ಅದು ತಪ್ಪಿನ ಹಾಗೆ ಕೇಳಿಸುತ್ತದೆ. ಹೊಸ ಹಾಡಿನಲ್ಲಿ ಅದೇ ಹಾಡು.

ಆದರೆ ನನ್ನನ್ನು ಕಾಡಿದ್ದು ಬೇರೆ ವಿಷಯ. ಬ್ಯಾಂಡಿನ ಡ್ರಮ್ಮರ್ ಚಾರ್ಲಿ ವಾಟ್ಸ್ 2021ರ ಆಗಸ್ಟ್ 24ರಂದು ತೀರಿಕೊಂಡರು. ಇದರಲ್ಲಿ ‘ಮೆಸ್ ಇಟ್ ಅಪ್’ ಮತ್ತು ‘ಲಿವ್ ಬೈ ದ ಸ್ವೋರ್ಡ್’ ಅಂತ ಎರಡು ಹಾಡುಗಳಲ್ಲಿ ಮಾತ್ರ ಅವರ ಡ್ರಮ್ ಇದೆ, ಬದುಕಿದ್ದಾಗ ನುಡಿಸಿಟ್ಟದ್ದು. ಉಳಿದ ಕಡೆ ಸ್ಟೀವ್ ಜೋರ್ಡನ್. ಕೊನೆಯ ಹಾಡಿನಲ್ಲಿ ಡ್ರಮ್ಮೇ ಇಲ್ಲ. ಕೇಳುವಾಗ ಚಾರ್ಲಿ ಬಂದದ್ದು, ಹೋದದ್ದು ನಿಮಗೆ ಗೊತ್ತಾಯಿತಾ? ನನಗಂತೂ ಗೊತ್ತಾಯಿತು. ಹೆಸರು ನೋಡುವ ಮೊದಲೇ.

ಎರಡುಕಡ್ಡಿ

ಗೊತ್ತಾಗದೆ ಇರುತ್ತದಾ ಸರ್! ನಾನು ಡ್ರಮ್ಮರ್. ಹೊಟ್ಟೆಪಾಡಿಗೆ ಅಲ್ಲ, ಆದರೆ ಇಪ್ಪತ್ತು ವರ್ಷದಿಂದ ಬಾರಿಸುತ್ತಿದ್ದೇನೆ. ಚಾರ್ಲಿಯ ಗುಟ್ಟು ಏನು ಅಂತ ಒಂದು ವಿಷಯ ಹೇಳುತ್ತೇನೆ. ಸಾಧ್ಯವಾದರೆ ಅವರ ಹಳೆಯ ವಿಡಿಯೋ ಒಂದನ್ನು ಹಾಕಿಕೊಂಡು, ಬರೀ ಬಲಗೈ ನೋಡಿ.

ರಾಕ್ ತಾಳದಲ್ಲಿ ಸಾಮಾನ್ಯವಾಗಿ ಬಲಗೈ ಹೈ-ಹ್ಯಾಟ್ (ಜೋಡಿ ಲೋಹದ ತಟ್ಟೆ) ಮೇಲೆ ಎಂಟು ಏಟು ಹಾಕುತ್ತಲೇ ಇರುತ್ತದೆ. ಎಡಗೈ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಸ್ನೇರ್ (ಚಟ್ ಅನ್ನುವ ಡ್ರಮ್) ಮೇಲೆ ಬೀಳುತ್ತದೆ. ಎರಡೂ ಸದ್ದು ಒಟ್ಟಿಗೆ ಬರುತ್ತವೆ. ನಮಗೆಲ್ಲ ಹೇಳಿಕೊಟ್ಟದ್ದೇ ಹಾಗೆ. ಚಾರ್ಲಿ ಏನು ಮಾಡುತ್ತಾರೆ ಅಂದರೆ, ಸ್ನೇರ್ ಬೀಳುವ ಹೊತ್ತಿಗೆ ಬಲಗೈಯನ್ನು ಮೇಲಕ್ಕೆ ಎತ್ತಿಬಿಡುತ್ತಾರೆ. ಹೈ-ಹ್ಯಾಟ್ ಸುಮ್ಮನಾಗುತ್ತದೆ. ಸ್ನೇರ್ ಒಂದೇ ಕೇಳಿಸುತ್ತದೆ, ಸುತ್ತ ಏನೂ ಇಲ್ಲದೆ. ಬಾಗಿಲು ತೆಗೆದು ಒಳಗೆ ಗಾಳಿ ಬಂದ ಹಾಗೆ.

ನಾನು ಇದನ್ನು ಕಲಿಯೋಣ ಅಂತ ಒಂದು ತಿಂಗಳು ಕೂತೆ. ಎತ್ತುವುದು ಕಷ್ಟ ಅಲ್ಲ. ಎತ್ತಿದ ಮೇಲೆ ಗಾಬರಿಯಾಗದೆ ಇರುವುದು ಕಷ್ಟ. ಕೈ ಖಾಲಿ ಇದ್ದ ತಕ್ಷಣ ಮೈ ಅವಸರ ಮಾಡುತ್ತದೆ, ಮುಂದಿನ ಏಟು ಬೇಗ ಬಿದ್ದುಬಿಡುತ್ತದೆ. ಚಾರ್ಲಿಗೆ ಅವಸರವೇ ಇರಲಿಲ್ಲ. ಮೂಲತಃ ಜಾಸ್ ಪ್ರೀತಿಸಿದ ಮನುಷ್ಯ. ಎಡಗೈ ಕಡ್ಡಿಯನ್ನೂ ಜಾಸ್‌ನವರ ಹಾಗೆ ಅಡ್ಡ ಹಿಡಿಯುತ್ತಿದ್ದರು. ಅಷ್ಟು ದೊಡ್ಡ ಸ್ಟೇಡಿಯಂಗಳಲ್ಲೂ ಗ್ರೆಚ್ ಕಂಪನಿಯ ಚಿಕ್ಕ ಡ್ರಮ್ ಕಿಟ್ಟೇ ಸಾಕಾಗಿತ್ತು.

ಇನ್ನೊಂದು. ಬೇರೆ ಬ್ಯಾಂಡ್‌ಗಳಲ್ಲಿ ಎಲ್ಲರೂ ಡ್ರಮ್ಮರ್ ಹಿಂದೆ ಹೋಗುತ್ತಾರೆ. ಸ್ಟೋನ್ಸ್‌ನಲ್ಲಿ ಡ್ರಮ್ಮರ್ ಕೀತ್ ಹಿಂದೆ ಹೋಗುತ್ತಾನೆ. ಗಿಟಾರ್ ಮುಂದೆ, ಡ್ರಮ್ ಕೂದಲೆಳೆಯಷ್ಟು ಹಿಂದೆ. ಆ ಕೂದಲೆಳೆಯೇ ಸ್ಟೋನ್ಸ್.

ಧ್ವನಿಪೆಟ್ಟಿಗೆ

ಎರಡುಕಡ್ಡಿಯವರೇ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೇ ನನಗೆ ಈ ಆಲ್ಬಂ ಮೇಲೆ ಬೇಜಾರು. ನಾನು ರೆಕಾರ್ಡಿಂಗ್ ಕೆಲಸದವನು, ಹಾಗಾಗಿ ಆ ಕಿವಿಯಿಂದ ಹೇಳುತ್ತೇನೆ.

ಆ ಗಾಳಿ, ಆ ಜಾಗ ಇಲ್ಲಿ ಎಲ್ಲಿದೆ? ಮೊದಲ ಹಾಡು ‘ಆ್ಯಂಗ್ರಿ’ ಹಾಕಿ ನೋಡಿ. ಗಿಟಾರು, ದನಿ, ಸ್ನೇರ್ ಎಲ್ಲವೂ ಒಂದೇ ಸಾಲಿನಲ್ಲಿ, ಕಿವಿಗೆ ಅಂಟಿಕೊಂಡು ನಿಂತಿವೆ. ಕಂಪ್ರೆಷನ್ ಅಂದರೆ ಸಣ್ಣ ಸದ್ದನ್ನು ಎತ್ತಿ, ದೊಡ್ಡ ಸದ್ದನ್ನು ಒತ್ತಿ, ಎರಡನ್ನೂ ಹತ್ತಿರ ತರುವುದು. ಬೇಕು, ಎಲ್ಲರೂ ಮಾಡುತ್ತಾರೆ. ಜಾಸ್ತಿ ಆದರೆ ಹಾಡಿಗೆ ಉಸಿರಾಡಲು ಆಗುವುದಿಲ್ಲ.

ಅವರ 1972ರ ಆಲ್ಬಂ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ನೆನಪು ಮಾಡಿಕೊಳ್ಳಿ. ದಕ್ಷಿಣ ಫ್ರಾನ್ಸ್‌ನಲ್ಲಿ ಕೀತ್ ಬಾಡಿಗೆಗೆ ಹಿಡಿದಿದ್ದ ನೆಲ್ಕೋಟ್ ಬಂಗಲೆಯ ನೆಲಮಾಳಿಗೆಯಲ್ಲಿ ಬಹಳಷ್ಟು ನುಡಿಸಿದರು. ಹೊರಗೆ ರೆಕಾರ್ಡಿಂಗ್ ಲಾರಿ ನಿಂತಿತ್ತು. ಅಲ್ಲಿ ಮಿಕ್ ದನಿ ವಾದ್ಯಗಳ ನಡುವೆ ಮುಳುಗಿ ಹೋಗಿದೆ. ಹುಡುಕಿಕೊಂಡು ಕೇಳಬೇಕು. ಅದಕ್ಕೇ ಐವತ್ತು ವರ್ಷ ಆದರೂ ಮುಗಿಯುವುದಿಲ್ಲ. ಇಲ್ಲಿ ದನಿ ಎದುರಿಗೇ ಬಂದು ನಿಂತಿದೆ, ಹುಡುಕಲು ಏನೂ ಉಳಿದಿಲ್ಲ.

ಪ್ರೊಡ್ಯೂಸರ್ ಆ್ಯಂಡ್ರೂ ವಾಟ್ 1990ರಲ್ಲಿ ಹುಟ್ಟಿದವರು. ಕೆಲಸ ಚೆನ್ನಾಗಿ ಗೊತ್ತು, ಇಲ್ಲ ಅನ್ನುವುದಿಲ್ಲ. ಆದರೆ ಮೊದಲ ಮೂರು ಹಾಡುಗಳ ರಚನೆಯಲ್ಲೂ ಜಾಗರ್-ರಿಚರ್ಡ್ಸ್ ಪಕ್ಕ ಅವರ ಹೆಸರಿದೆ. ಅದು ನನಗೆ ಒಗ್ಗಲಿಲ್ಲ.

ಹಳೇರೆಕಾರ್ಡು

ಸರ್, ನಿಮ್ಮ ಕಿವಿಯ ಮೇಲೆ ನನಗೆ ಗೌರವ ಇದೆ. ಆದರೆ ವಾಟ್ ಇಲ್ಲದಿದ್ದರೆ ಈ ಆಲ್ಬಂ ಆಗುತ್ತಲೇ ಇರಲಿಲ್ಲ. 2005ರಿಂದ ಅವರು ಸ್ಟುಡಿಯೋಗೆ ಹೋಗುತ್ತಲೇ ಇದ್ದರು. ಶುರು ಮಾಡುವುದು, ಟೂರ್ ಬಂತು ಅಂತ ಎದ್ದು ಹೋಗುವುದು, ಹಾಡು ಅರ್ಧಕ್ಕೆ ನಿಲ್ಲುವುದು. ‘ಬ್ಲೂ ಆಂಡ್ ಲೋನ್ಸಮ್’ ಹುಟ್ಟಿದ್ದೂ ಹಾಗೇ ಅಲ್ವಾ? 2015ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಹೊಸ ಹಾಡು ಮಾಡಲು ಕೂತರು. ಕೈ ಹದಕ್ಕೆ ಬರಲಿ ಅಂತ ಒಂದು ಹಳೇ ಬ್ಲೂಸ್ ನುಡಿಸಿದರು. ಅದೇ ಹಿಡಿಸಿ ಮೂರು ದಿನದಲ್ಲಿ 12 ಹಾಡು ಮುಗಿಸಿದರು. ಹೊಸ ಹಾಡುಗಳು ಮತ್ತೆ ಮೂಲೆಗೆ ಹೋದವು.

ಚಾರ್ಲಿ ಹೋದ ಮೇಲೆ ಮಿಕ್ ಒಂದು ಗಡುವು ಹಾಕಿದರು. 2022ರ ಕೊನೆಗೆ ಲಾಸ್ ಏಂಜಲಿಸ್‌ನಲ್ಲಿ ಶುರು, 2023ರ ಪ್ರೇಮಿಗಳ ದಿನದ ಹೊತ್ತಿಗೆ ಮುಗಿಯಬೇಕು. ಆಗುವ ಮಾತಲ್ಲ ಅಂತಲೇ ಕೀತ್ ಹೇಳಿದ್ದು. ಆದರೂ ಮುಖ್ಯ ಕೆಲಸ ಆಗಿಹೋಯಿತು. ಗಡುವು ಮುಗಿಯುತ್ತದೆ ಅಂತ ಒಬ್ಬ ನೆನಪಿಸುತ್ತಲೇ ಇರಬೇಕು. ಆ ಕೆಲಸವನ್ನು ವಾಟ್ ಮಾಡಿದರು. ದಿನಕ್ಕೊಂದು ಸ್ಟೋನ್ಸ್ ಟೀಶರ್ಟ್ ಹಾಕಿಕೊಂಡು ಬರುತ್ತಿದ್ದರಂತೆ. ಅಂಥ ಪ್ರೀತಿ ಇರುವವನ ಹೆಸರು ಮೂರು ಹಾಡಿನ ಪಕ್ಕ ಇದ್ದರೆ ನನಗೆ ತೊಂದರೆ ಇಲ್ಲ.

2025ರಲ್ಲಿ ಬೆಸ್ಟ್ ರಾಕ್ ಆಲ್ಬಂ ಗ್ರ್ಯಾಮಿ ಕೂಡ ಬಂತು.

ಧ್ವನಿಪೆಟ್ಟಿಗೆ

ಗ್ರ್ಯಾಮಿ ಬಂದ ಮಾತ್ರಕ್ಕೆ ಮಿಕ್ಸ್ (ಸದ್ದುಗಳನ್ನು ಕೂಡಿಸಿದ ರೀತಿ) ಸರಿ ಆಗುವುದಿಲ್ಲ ಸರ್. ಗಡುವಿನ ಮಾತು ಮಾತ್ರ ಒಪ್ಪುತ್ತೇನೆ.

ಹೊಸಕಿವಿ

ನಾನು ಸ್ಟೋನ್ಸ್‌ಗೆ ಹೊಸಬಳು, ಒಂದೆರಡು ಪ್ರಸಿದ್ಧ ಹಾಡು ಬಿಟ್ಟರೆ ಏನೂ ಕೇಳಿಲ್ಲ. ಹ್ಯಾಕ್ನಿ ಡೈಮಂಡ್ಸ್ ಅಂದರೆ ಏನು? ಎಲ್ಲಿಂದ ಕೇಳಲು ಶುರು ಮಾಡಲಿ?

ಹಳೇರೆಕಾರ್ಡು

ಬನ್ನಿ ಬನ್ನಿ. ಹ್ಯಾಕ್ನಿ ಪೂರ್ವ ಲಂಡನ್‌ನ ಒಂದು ಭಾಗ. ಕಾರಿನ ಗಾಜು ಒಡೆದು ಕಳ್ಳತನ ಮಾಡಿದ ಮೇಲೆ ರಸ್ತೆಯಲ್ಲಿ ಚೂರುಗಳು ಹರಡಿ ಬಿದ್ದಿರುತ್ತವಲ್ಲ, ಹೊಳೆಯುತ್ತಾ, ಅದಕ್ಕೆ ಆಡುಮಾತಿನಲ್ಲಿ ಹ್ಯಾಕ್ನಿಯ ವಜ್ರ ಅನ್ನುತ್ತಾರೆ. ಆಲ್ಬಂ ಘೋಷಿಸಿದ್ದೂ ಹ್ಯಾಕ್ನಿ ಎಂಪೈರ್ ರಂಗಮಂದಿರದಲ್ಲೇ.

ಮೊದಲು ‘ಸ್ವೀಟ್ ಸೌಂಡ್ಸ್ ಆಫ್ ಹೆವನ್’ ಕೇಳಿ. ಏಳು ನಿಮಿಷಕ್ಕಿಂತ ಜಾಸ್ತಿ ಇದೆ, ಬಿಡುವು ಮಾಡಿಕೊಂಡು ಕೇಳಿ. ಲೇಡಿ ಗಾಗಾ ಹಾಡಿದ್ದಾರೆ, ಸ್ಟೀವಿ ವಂಡರ್ ಕೀಬೋರ್ಡ್ ನುಡಿಸಿದ್ದಾರೆ. ಹಾಡು ಮುಗಿಯಿತು ಅನ್ನಿಸಿದಾಗ ನಿಲ್ಲಿಸಬೇಡಿ. ಅಲ್ಲಿಂದ ಮತ್ತೆ ಸಣ್ಣಗೆ ಎದ್ದು ಬರುತ್ತದೆ. ಮಿಕ್ ಮತ್ತು ಗಾಗಾ ಒಬ್ಬರನ್ನೊಬ್ಬರು ಕೆಣಕುತ್ತಾ ಮೇಲಕ್ಕೆ ಹೋಗುತ್ತಾರೆ. ಅವಳು ಅಷ್ಟು ಎತ್ತರ ಹೋದಾಗ ಅವನು ಬಿಟ್ಟುಕೊಡಬಹುದಿತ್ತು. ಬಿಟ್ಟುಕೊಡುವುದಿಲ್ಲ.

ಐದುತಂತಿ

ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ ಹಳೇರೆಕಾರ್ಡು ಸರ್ ‘ಗಂಟುಕಟ್ಟಿದ ಬೆರಳು’ ಅಂದಿದ್ದು ಓದಿ ಸುಮ್ನೆ ಇರಲು ಆಗಲಿಲ್ಲ.

ನಮ್ಮ ಅಪ್ಪ ಮೂವತ್ತು ವರ್ಷ ಗಿಟಾರ್ ನುಡಿಸಿದವರು. ಬೆರಳ ಗಂಟುಗಳು ಊದಿ, ಎಡಗೈ ಸರಿಯಾಗಿ ಮಡಚಲು ಆಗದೆ, ನಾಲ್ಕು ವರ್ಷದ ಹಿಂದೆ ನಿಲ್ಲಿಸಿಬಿಟ್ಟರು. ಗಿಟಾರ್ ಚೀಲದೊಳಗೇ ಇತ್ತು. ಯಾರಾದರೂ ನುಡಿಸಿ ಅಂದರೆ ಬೇರೆ ಮಾತು ತೆಗೆಯುತ್ತಿದ್ದರು.

ಕೀತ್‌ಗೂ ಸಂಧಿವಾತ ಇದೆ. ಈ ಆಲ್ಬಂ ಹೊತ್ತಿನಲ್ಲಿ ಅವರು ಅದರ ಬಗ್ಗೆ ಮಾತಾಡಿದ್ದರು. ನೋವಿಲ್ಲ, ಆದರೆ ಕೈ ಮೊದಲಿನ ಹಾಗಿಲ್ಲ. ಒಂದು ದಾರಿ ಮುಚ್ಚಿದರೆ ಗಿಟಾರೇ ಇನ್ನೊಂದು ದಾರಿ ತೋರಿಸುತ್ತದೆ ಅನ್ನುವ ಅರ್ಥದ ಮಾತು. ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ.

ಆಮೇಲೆ ನನಗೆ ಕೀತ್‌ನ ಐದು ತಂತಿ ನೆನಪಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. 60ರ ದಶಕದ ಕೊನೆಯಿಂದ ಕೀತ್ ಬಹಳ ಹಾಡುಗಳಿಗೆ ಓಪನ್ ಜಿ ಶ್ರುತಿ ಬಳಸುತ್ತಾರೆ. ಆರನೇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪನೆಯದು, ಅದನ್ನು ತೆಗೆದೇಬಿಡುತ್ತಾರೆ. ಐದನೆಯದನ್ನು ಎ ಇಂದ ಜಿ ಗೆ ಇಳಿಸಬೇಕು, ಮೊದಲನೆಯದನ್ನು ಇ ಇಂದ ಡಿ ಗೆ ಇಳಿಸಬೇಕು. ನಡುವಿನ ಮೂರನ್ನು ಮುಟ್ಟುವ ಹಾಗಿಲ್ಲ. ಈಗ ಏನನ್ನೂ ಒತ್ತದೆ ಎಳೆದರೂ ಒಂದು ಪೂರ್ತಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಬೇರೆ ಕಾರ್ಡ್ ಬೇಕಾದರೆ ಒಂದೇ ಬೆರಳನ್ನು ಅಡ್ಡ ಇಟ್ಟು ಮೇಲೆ ಕೆಳಗೆ ಸರಿಸಿದರೆ ಆಯಿತು. ‘ಹಾಂಕಿ ಟಾಂಕ್ ವಿಮೆನ್’, ‘ಸ್ಟಾರ್ಟ್ ಮಿ ಅಪ್’ ಎಲ್ಲ ಈ ಶ್ರುತಿಯಲ್ಲಿ ಹುಟ್ಟಿದವು.

ಅಪ್ಪನಿಗೆ ಹೇಳದೆ ಗಿಟಾರ್ ಹೊರಗೆ ತೆಗೆದೆ, ದಪ್ಪ ತಂತಿ ಬಿಚ್ಚಿದೆ, ಶ್ರುತಿ ಮಾಡಿ ಸೋಫಾ ಮೇಲೆ ಇಟ್ಟು ಹೋದೆ. ಸಂಜೆ ಬಂದಾಗ ಒಳಗಿಂದ ಸದ್ದು ಕೇಳಿಸಿತು. ಒಂದೇ ಕಾರ್ಡ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ತೋರುಬೆರಳು ಮಡಚದಿದ್ದರೇನು, ನೇರವಾಗಿ ಇಡಲು ಬರುತ್ತದಲ್ಲ. ನಾನು ಬಾಗಿಲ ಹತ್ತಿರವೇ ನಿಂತೆ, ಒಳಗೆ ಹೋಗಲಿಲ್ಲ.

ಕೀತ್ ಹಾಡಿರುವ ‘ಟೆಲ್ ಮಿ ಸ್ಟ್ರೇಟ್’ ನಮ್ಮ ಮನೆಯಲ್ಲಿ ಈಗ ದಿನಾ ಇರುತ್ತದೆ. ಮಿಕ್ಸ್ ಹೇಗಿದೆ ಅಂತ ಹೇಳುವಷ್ಟು ನನಗೆ ಗೊತ್ತಿಲ್ಲ. ಆ ದನಿ ಹತ್ತಿರದಲ್ಲಿ ಕೂತು ಮಾತಾಡಿದ ಹಾಗಿದೆ, ಅಷ್ಟು ಗೊತ್ತು.

ಎರಡುಕಡ್ಡಿ

ಓದಿ ಕಣ್ಣು ತುಂಬಿತು. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಧ್ವನಿಪೆಟ್ಟಿಗೆ

ಐದುತಂತಿಯವರೇ, ನಿಮ್ಮ ಮಾತು ಓದಿದ ಮೇಲೆ ‘ಟೆಲ್ ಮಿ ಸ್ಟ್ರೇಟ್’ ಮತ್ತೆ ಹಾಕಿದೆ, ಈ ಸಲ ದೊಡ್ಡ ಸ್ಪೀಕರ್‌ನಲ್ಲಿ. ನೀವು ಹೇಳಿದ್ದು ಸರಿ. ಅದರಲ್ಲಿ ಜಾಗ ಇದೆ. ‘ಡ್ರೀಮಿ ಸ್ಕೈಸ್’ನಲ್ಲೂ ಇದೆ. ನಿಧಾನ ಹಾಡುಗಳಲ್ಲಿ ವಾಟ್ ಕೈ ಹಗುರ ಮಾಡಿದ್ದಾರೆ. ನನ್ನ ತಕರಾರು ಜೋರು ಹಾಡುಗಳ ಬಗ್ಗೆ. ಅದು ಹಾಗೇ ಇದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು. ಇಬ್ಬರು ಗಿಟಾರ್‌ನವರು ಒಬ್ಬರ ಸಂದಿಯಲ್ಲಿ ಒಬ್ಬರು ನುಡಿಸುವುದಕ್ಕೆ ಕೀತ್ ನೇಯ್ಗೆ ಅಂತಾರೆ. ಯಾರು ಲೀಡ್ (ಮುಂದಾಳು), ಯಾರು ರಿದಂ (ಲಯಕ್ಕೆ ಜೊತೆ) ಅಂತ ಗೊತ್ತಾಗಬಾರದು. ರಾನಿ ವುಡ್ ಜೊತೆ ಅದು ಈಗಲೂ ನಡೆಯುತ್ತಿದೆ. ಹೆಡ್‌ಫೋನ್ ಹಾಕಿ ‘ಡಿಪೆಂಡಿಂಗ್ ಆನ್ ಯು’ ಕೇಳಿದರೆ ಆ ಎಳೆಗಳು ಕಾಣಿಸುತ್ತವೆ. ನಾನು ಬಯ್ಯುವುದು ಬಟ್ಟೆಯನ್ನಲ್ಲ. ಅದನ್ನು ಇಸ್ತ್ರಿ ಹಾಕಿ ಅಷ್ಟು ಗಟ್ಟಿ ಮಾಡಿದ್ದನ್ನು.

ಸಿಡಿಲುಮರಿ

ಬರೀ ಸ್ಟೋನ್ಸ್ ಅಂದರೆ ಆಗುತ್ತದಾ? ರಾಕ್ ಬ್ಯಾಂಡ್ ಎಸಿ/ಡಿಸಿಯ ‘ಪವರ್ ಅಪ್’ ಆಲ್ಬಂ ನೆನಪಿಸುತ್ತೇನೆ, 2020ರ ನವೆಂಬರ್‌ನಲ್ಲಿ ಬಂದದ್ದು. ಅವರ ಗಿಟಾರ್‌ನ ಮಾಲ್ಕಂ ಯಂಗ್ ಮರೆವಿನ ಕಾಯಿಲೆಯಿಂದ 2014ರಲ್ಲಿ ಬ್ಯಾಂಡ್ ಬಿಟ್ಟರು, 2017ರ ನವೆಂಬರ್‌ನಲ್ಲಿ ತೀರಿಕೊಂಡರು. ಆದರೂ ‘ಪವರ್ ಅಪ್’ನ 12 ಹಾಡುಗಳ ರಚನೆಗೂ ತಮ್ಮ ಆ್ಯಂಗಸ್ ಜೊತೆ ಮಾಲ್ಕಂ ಹೆಸರೇ ಇದೆ. ಅಣ್ಣ-ತಮ್ಮ ವರ್ಷಗಟ್ಟಲೆ ಕೂಡಿಟ್ಟಿದ್ದ ರಿಫ್‌ಗಳನ್ನು (ಗಿಟಾರ್‌ನ ಚಿಕ್ಕ ಸಾಲುಗಳನ್ನು) ಆ್ಯಂಗಸ್ ಹಾಡು ಮಾಡಿದ. ಮಾಲ್ಕಂ ಜಾಗದಲ್ಲಿ ನಿಂತು ರಿದಂ ನುಡಿಸಿದ್ದು ಅವರ ಅಣ್ಣನ ಮಗ ಸ್ಟೀವಿ ಯಂಗ್. ಕಿವಿಯ ತೊಂದರೆಯಿಂದ ಟೂರ್ ಬಿಟ್ಟಿದ್ದ ಬ್ರಯಾನ್ ಜಾನ್ಸನ್ ವಾಪಸ್ ಬಂದು ಹಾಡಿದರು.

ಸ್ಟೋನ್ಸ್‌ನಲ್ಲಿ ಚಾರ್ಲಿಯ ಕೈ ಉಳಿಯಿತು. ಇಲ್ಲಿ ಮಾಲ್ಕಂನ ಕೈ ಇಲ್ಲ, ಯೋಚನೆ ಉಳಿಯಿತು. ನನಗೆ ಇದು ಇನ್ನೂ ಜಾಸ್ತಿ ಹತ್ತಿರ. ನನಗೂ ಅಣ್ಣ ಇದ್ದ.

ಹೊಸಕಿವಿ

ಅಣ್ಣನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾನು ದ ಕ್ಯೂರ್ ಬ್ಯಾಂಡ್ ಕೇಳಿ ಬೆಳೆದವಳು. ಅವರ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ 2024ರ ನವೆಂಬರ್ 1ರಂದು ಬಂತು, 16 ವರ್ಷದ ಮೇಲೆ. ಎಂಟೇ ಹಾಡು. ಅದರಲ್ಲಿ ‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ ಗಾಯಕ ರಾಬರ್ಟ್ ಸ್ಮಿತ್ ತೀರಿಹೋದ ತನ್ನ ಅಣ್ಣನ ಬಗ್ಗೆ ಬರೆದದ್ದು.

ಅವರು ಗಡುವಿಗೆ ಪೂರ್ತಿ ಉಲ್ಟಾ. ಹಲವು ಹಾಡುಗಳನ್ನು 2022ರಲ್ಲೇ ವೇದಿಕೆಯಲ್ಲಿ ನುಡಿಸಲು ಶುರು ಮಾಡಿದ್ದರು. ಜನರ ಮುಂದೆ ಹಾಡಿ ಹಾಡಿ ಹಣ್ಣಾದ ಮೇಲೆ ಆಲ್ಬಂ ಬಂತು. ಮೊದಲ ಹಾಡು ‘ಅಲೋನ್’ನಲ್ಲಿ ಮೂರು ನಿಮಿಷ ದಾಟುವವರೆಗೆ ದನಿಯೇ ಬರುವುದಿಲ್ಲ. ಕೇಳುವವರು ಕಾಯುತ್ತಾರೆ ಅನ್ನುವ ನಂಬಿಕೆ ಇರುವವರು ಮಾತ್ರ ಹಾಗೆ ಮಾಡಬಲ್ಲರು.

ನೀವು ಹೇಳಿದ ‘ಸ್ವೀಟ್ ಸೌಂಡ್ಸ್’ ಕೇಳಿದೆ ಸರ್. ಮುಗಿಯಿತು ಅಂತ ನಿಲ್ಲಿಸುವವಳಿದ್ದೆ, ನಿಮ್ಮ ಮಾತು ನೆನಪಾಗಿ ಬಿಟ್ಟೆ. ಮೈ ಜುಂ ಅಂದಿತು.

ಸಿಡಿಲುಮರಿ

ಅತಿಥಿಗಳು ಜಾಸ್ತಿ ಆಗಲಿಲ್ಲವಾ ಅಂತ ನನ್ನ ಒಂದು ಅನುಮಾನ. ಪಾಲ್ ಮೆಕಾರ್ಟ್ನಿ, ಎಲ್ಟನ್ ಜಾನ್, ಗಾಗಾ, ವಂಡರ್. ಹೆಸರುಗಳ ಮೆರವಣಿಗೆ.

ಹಳೇರೆಕಾರ್ಡು

ನನಗೂ ಮೊದಲು ಆ ಭಯ ಇತ್ತು. ಕೇಳಿದ ಮೇಲೆ ಹೋಯಿತು. ಎಲ್ಟನ್ ಜಾನ್ ಎರಡು ಹಾಡಿನಲ್ಲಿ ಪಿಯಾನೋ ನುಡಿಸಿದ್ದಾರೆ, ಹಾಡಿಲ್ಲ. ಹೇಳದಿದ್ದರೆ ಅವರೇ ಅಂತ ಗೊತ್ತಾಗುವುದೂ ಇಲ್ಲ. ಬ್ಯಾಂಡಿನ ಪಿಯಾನೋದವನ ಹಾಗೆ ಕೂತು ನುಡಿಸಿ ಹೋಗಿದ್ದಾರೆ. ಮೆಕಾರ್ಟ್ನಿ ‘ಬೈಟ್ ಮೈ ಹೆಡ್ ಆಫ್’ನಲ್ಲಿ ಬಾಸ್. ನಡುವೆ ಒಂದು ಕಡೆ ಆ ಬಾಸ್ ಫಜ್ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಹಾಕಿಕೊಂಡು ಗರಗಸದ ಹಾಗೆ ಗರ್ರೆನ್ನುತ್ತದೆ. 80 ದಾಟಿದ ಮನುಷ್ಯ ಪಂಕ್ ಹುಡುಗನ ಹಾಗೆ ನುಡಿಸಿದ್ದಾರೆ. ಅದನ್ನು ಮೆರವಣಿಗೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮತ್ತೆ ಒಬ್ಬರನ್ನು ನೀವು ಬಿಟ್ಟಿರಿ. ಬಿಲ್ ವೈಮನ್. 1993ರಲ್ಲಿ ಬ್ಯಾಂಡ್ ಬಿಟ್ಟವರು, ‘ಲಿವ್ ಬೈ ದ ಸ್ವೋರ್ಡ್’ಗೆ ವಾಪಸ್ ಬಂದು ಬಾಸ್ ನುಡಿಸಿದರು. 86 ವರ್ಷ. ಚಾರ್ಲಿಯ ಡ್ರಮ್ ಆಗಲೇ ರೆಕಾರ್ಡ್ ಆಗಿತ್ತು. ಅದರ ಮೇಲೆ ಇವರು ನುಡಿಸಿದರು. ಮೂವತ್ತು ವರ್ಷ ಜೊತೆಯಾಗಿ ನುಡಿಸಿದ ಗೆಳೆಯ ಹೆಡ್‌ಫೋನ್‌ನಲ್ಲಿ ಮಾತ್ರ ಇದ್ದಾನೆ. ಆ ಹೆಡ್‌ಫೋನ್ ಹಾಕಿಕೊಂಡ ಗಳಿಗೆಯನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಎರಡುಕಡ್ಡಿ

ಸ್ಟೀವ್ ಜೋರ್ಡನ್ ಬಗ್ಗೆ ಯಾರೂ ಏನೂ ಹೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ. ಅವರು ಹೊರಗಿನವರಲ್ಲ. ಕೀತ್‌ನ 1988ರ ಸೋಲೋ ಆಲ್ಬಂ ‘ಟಾಕ್ ಈಸ್ ಚೀಪ್’ನಿಂದಲೂ ಜೊತೆಗಿದ್ದಾರೆ. 2021ರ ಟೂರ್‌ಗೆ ತನ್ನ ಬದಲು ಅವರು ಕೂರಲಿ ಅಂತ ಕೇಳಿಕೊಂಡದ್ದು ಸ್ವತಃ ಚಾರ್ಲಿ. ಆಮೇಲೆ ಕೆಲವೇ ವಾರಕ್ಕೆ ಚಾರ್ಲಿ ಹೋಗಿಬಿಟ್ಟರು.

ಜೋರ್ಡನ್ ಚಾರ್ಲಿಯನ್ನು ನಕಲು ಮಾಡಿಲ್ಲ. ಅವರ ಏಟು ಗಟ್ಟಿ, ನೆಟ್ಟಗೆ ನಡುಮಧ್ಯಕ್ಕೆ ಬೀಳುತ್ತದೆ. ಕೂದಲೆಳೆ ಹಿಂದೆ ಅಲ್ಲ. ಹಾಗಾಗಿ ಕೀತ್ ಕೂಡ ಬೇರೆ ತರಹ ನುಡಿಸಿದ್ದಾರೆ ಅನ್ನಿಸುತ್ತದೆ, ಆತುಕೊಳ್ಳಲು ಗೋಡೆ ಸಿಕ್ಕವರ ಹಾಗೆ. ಚಾರ್ಲಿ ಗೋಡೆ ಆಗಿರಲಿಲ್ಲ, ಜೊತೆಗೆ ನಡೆಯುವವರು. ನಕಲು ಮಾಡಿದ್ದರೆ ನಾನು ಈ ಆಲ್ಬಂ ಎರಡನೇ ಸಲ ಹಾಕುತ್ತಿರಲಿಲ್ಲ.

ಧ್ವನಿಪೆಟ್ಟಿಗೆ

ಕೊನೆಯ ಹಾಡಿನ ಬಗ್ಗೆ ನಾನೇ ಬರೆಯುತ್ತೇನೆ, ಅಷ್ಟು ತಕರಾರು ಮಾಡಿದ್ದೇನೆ. ‘ರೋಲಿಂಗ್ ಸ್ಟೋನ್ ಬ್ಲೂಸ್’. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ್ದು. ಬ್ಯಾಂಡಿಗೆ ಹೆಸರು ಬಂದದ್ದೇ ಈ ಹಾಡಿನಿಂದ. 1961ರ ಅಕ್ಟೋಬರ್‌ನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ಮಿಕ್‌ನನ್ನು ಮಾತಾಡಿಸಿದ್ದು ಅವನ ಕಂಕುಳಲ್ಲಿ ಚಕ್ ಬೆರಿ, ಮಡ್ಡಿ ವಾಟರ್ಸ್ ರೆಕಾರ್ಡ್ ಇದ್ದದ್ದಕ್ಕೆ. ಆ ಹಾಡನ್ನು ತಮ್ಮ ಸ್ಟುಡಿಯೋ ಆಲ್ಬಂನಲ್ಲಿ ಹಾಡಲು ಅವರಿಗೆ ಅರವತ್ತು ವರ್ಷ ಹಿಡಿಯಿತು.

ಇದರಲ್ಲಿ ಇಬ್ಬರೇ. ಕೀತ್‌ನ ಗಿಟಾರ್, ಮಿಕ್‌ನ ದನಿ ಮತ್ತು ಹಾರ್ಮೋನಿಕಾ. ಮಿಕ್ ಹಾರ್ಮೋನಿಕಾಗೆ ಬಾಯಿ ಇಡುವ ಮೊದಲಿನ ಉಸಿರು ಕೂಡ ಕೇಳಿಸುವ ಹಾಗಿದೆ. ನಾನು ಕೇಳುತ್ತಿದ್ದ ಜಾಗ ಎಲ್ಲ ಇಲ್ಲಿದೆ. ಮೂರು ನಿಮಿಷಕ್ಕೂ ಕಡಿಮೆ. ಇಡೀ ಆಲ್ಬಂ ಹೀಗಿರಬೇಕಿತ್ತು ಅಂತ ಹೇಳಲು ಬಂದವನು, ಈಗ ಹೇಳುವುದಿಲ್ಲ. ಹೆಚ್ಚಿನವು ಜೋರಾದ ಹನ್ನೊಂದು ಹಾಡಾದ ಮೇಲೆ ಬಂದದ್ದಕ್ಕೇ ಅದು ಇಷ್ಟು ತಟ್ಟಿತೋ ಏನೋ.

ಐದುತಂತಿ

ಧ್ವನಿಪೆಟ್ಟಿಗೆ ಸರ್, ನಿಮ್ಮ ಬರಹ ಓದಿ ಈಗಷ್ಟೇ ಆ ಕೊನೆಯ ಹಾಡನ್ನು ಅಪ್ಪನಿಗೆ ಹಾಕಿದೆ. ಅವರು ಅದನ್ನು ಕೇಳಿರಲಿಲ್ಲ. ಮುಗಿದ ಮೇಲೆ ಇನ್ನೊಂದು ಸಲ ಹಾಕು ಅಂದರು. ಹಾಕಿದೆ. ಮೂರನೇ ಸಲ ಕೇಳಲಿಲ್ಲ, ಗಿಟಾರ್ ಎತ್ತಿಕೊಂಡರು. ಮೊದಲ ಸಾಲನ್ನು ಹುಡುಕುತ್ತಿದ್ದಾರೆ. ಅರ್ಧ ಗಂಟೆ ಆಯಿತು, ಇನ್ನೂ ಸಿಕ್ಕಿಲ್ಲ. ತೆಗೆದಿಟ್ಟ ದಪ್ಪ ತಂತಿ ಎಲ್ಲಿದೆ ಅಂತ ಈಗ ಕೇಳುತ್ತಿದ್ದಾರೆ. ಹುಡುಕಿ ಕೊಟ್ಟು ಬರುತ್ತೇನೆ.